ಎದೆ ಕೊಡುವ ಮಾರ್ಕ್ಸು

ಊರೂರಿನ ಹವೆಗೆ ಮಾರ್ಕ್ಸ್ ಕೊಡುವ ಚಟ ನನಗೂ ನನ್ನ ತಂಗಿಗೂ ಅಂಟಿದ್ದು ಕಾನ್ವೆಂಟಿನಲ್ಲಿ. ಅಪ್ಪನಿಗೆ ನೀಲಗಿರಿಯ ಒಂದು ಟೀ ಎಸ್ಟೇಟಿನ ಆಫೀಸಿನಲ್ಲಿ ಕೆಲಸವಿತ್ತು. ನಾವಿಬ್ಬರೂ ಓದಿದ್ದು ಅಲ್ಲೇ. ತಂಗಿ ನನಗಿಂತ ಒಂದೇ ವರ್ಷ ಚಿಕ್ಕವಳಾದ್ದರಿಂದ ಇಬ್ಬರನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿದ್ದರು. ಜಿಯಾಗ್ರಫಿ ಕಲಿಸುತ್ತಿದ್ದ ಮದರ್ ಬೆಳಗ್ಗೆ ಬಂದವರೇ ಕಿಟಕಿ ತೆರೆದು, "ವೆಲ್ ಗರ್ಲ್ಸ್, ಔಟ್ ಆಫ್ ಟೆನ್?" ಎಂದು ಕೇಳುವರು. ಆ ದಿನದ ವೆದರಿಗೆ ಪ್ರತಿಯೊಬ್ಬಳೂ ತನಗೆ ತೋಚಿದ ಅಂಕ ಹೇಳಬೇಕು. ಎಲ್ಲವನ್ನೂ ಕೂಡಿ ಭಾಗಿಸಿ ಬೋರ್ಡಿನ ಮೂಲೆಯಲ್ಲಿ ಅವರೇಜ್ ಬರೆಯುತ್ತಿದ್ದರು. ನನಗೆ ಮಿಸ್ಟ್ ಎಂದರೆ ಪ್ರಾಣ. ಎದುರಿನ ಮರಗಳೇ ಕಾಣದಷ್ಟು ಮಂಜು ಕವಿದ ದಿನ ಒಂಬತ್ತು ಕೊಡುತ್ತಿದ್ದೆ. ತಂಗಿ ಬಿಸಿಲಿನ ಹುಡುಗಿ, ಅದೇ ದಿನಕ್ಕೆ ಒಂದು ಕೊಡುತ್ತಿದ್ದಳು. ನಮ್ಮಿಬ್ಬರನ್ನು ಕೂಡಿಸಿ ಭಾಗಿಸಿದರೆ ಮಂಜಿಗೂ ಐದು, ಬಿಸಿಲಿಗೂ ಐದು.

ಮದುವೆಗಳು ನಮ್ಮನ್ನು ಕೇಳಿ ಊರು ಆರಿಸಲಿಲ್ಲ. ಬಿಸಿಲು ಬೇಕೆನ್ನುತ್ತಿದ್ದವಳು ಮಂಗಳೂರಿಗೆ ಹೋದಳು, ವರ್ಷದಲ್ಲಿ ಅರ್ಧ ಕಾಲ ಸೀರೆ ಒಣಗದ ಊರಿಗೆ. ಮಂಜು ಬೇಕೆನ್ನುತ್ತಿದ್ದ ನಾನು ತಿಪಟೂರಿನ ಮಗ್ಗುಲ ಹೊನ್ನವಳ್ಳಿಗೆ ಬಂದೆ. ಮೊದಲ ಬೇಸಿಗೆಯಲ್ಲಿ ಹೊನ್ನವಳ್ಳಿಗೆ ನಾನು ಕೊಟ್ಟದ್ದು ಎರಡು. ಆ ಎರಡೂ ಬೆಳಗಿನ ಗಾಳಿಗೆ ಸಂದವು, ಉಳಿದ ಹೊತ್ತಿಗೆ ಏನೂ ಇಲ್ಲ.

ಹೊರಗಿನವರಿಗೆ ಈ ಸೀಮೆಯಲ್ಲಿ ಎಲ್ಲಿ ನೋಡಿದರೂ ಅದೇ ತೆಂಗು, ಅದೇ ಬಿಸಿಲು. ಬಾಳಿದವರಿಗೆ ಹಾಗಲ್ಲ. ತುರುವೇಕೆರೆ ಕಡೆ ಹೋದರೆ ಗಾಳಿಗೆ ಸ್ವಲ್ಪ ನೀರಿನ ವಾಸನೆ ಇರುತ್ತದೆ, ಅದಕ್ಕೆ ಆರು. ಚಿಕ್ಕನಾಯಕನಹಳ್ಳಿಯಲ್ಲಿ ಗುಡ್ಡದ ಗಾಳಿ ಚೆನ್ನ, ಆದರೆ ಮೇ ತಿಂಗಳಲ್ಲಿ ಅದೇ ಗುಡ್ಡ ಕಾದ ಹೆಂಚಿನಂತೆ ಶಾಖ ಉಗುಳುತ್ತದೆ. ಐದು ಕೊಟ್ಟರೆ ಹೆಚ್ಚು. ಕಂದಿಕೆರೆ ದಾಟಿ ಹುಳಿಯಾರಿನ ದಾರಿಯಲ್ಲಿ ಸಂಜೆ ಬಯಲ ಮೇಲೆ ಬೀಸುವ ಗಾಳಿಗೆ ಏಳು ಕೊಡಬಹುದು, ಮಧ್ಯಾಹ್ನಕ್ಕೆ ಸೊನ್ನೆ. ಬೆಂಗಳೂರಿನ ಕ್ಲೈಮೇಟನ್ನು ಜನ ಹೊಗಳಿ ಹೊಗಳಿಯೇ ಕೆಡಿಸಿದರು. ಒಂದು ಕಾಲಕ್ಕೆ ಎಂಟು ಕೊಡುತ್ತಿದ್ದ ನಾನು ತೊಂಬತ್ತರ ದಶಕದ ಹೊತ್ತಿಗೆ ಆರಕ್ಕೆ ಇಳಿಸಿದ್ದೆ. ತಂಗಿ ಬಂದಾಗಲೆಲ್ಲ ನಾವು ಜಗಲಿಯಲ್ಲಿ ಕೂತು ಹೀಗೆ ಅಂಕ ಹಂಚುವುದನ್ನು ನೋಡಿ ನಮ್ಮ ಯಜಮಾನರು, "ನೀವ್ ಅಕ್ಕ ತಂಗೀರು ಸೂರ್ಯನ್ನೂ ಫೇಲ್ ಮಾಡಿ ಮನೇಗ್ ಕಳುಸ್ತೀರ" ಎನ್ನುತ್ತಿದ್ದರು.

ನಮ್ಮತ್ತೆಯದು ಬೇರೆ ಲೆಕ್ಕ. "ಹವಾಕ್ಕೆ ನೀನೇನೇ ನಂಬರ್ ಕೊಡೋದು? ಕೊಬ್ರಿ ಕೊಡ್ತದೆ ಕಣೇ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅವರು ಹೇಳುತ್ತಿದ್ದುದಕ್ಕೆ ಅರ್ಥವಿತ್ತು. ಇಲ್ಲಿ ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ತಿರುಳು ಒಣಗಿ, ಕರಟದಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಒಣಗಾಳಿಯ ಊರಲ್ಲದಿದ್ದರೆ ಒಳಗೇ ಕೊಳೆಯುತ್ತದೆ. ಅತ್ತೆ ಆ ವಯಸ್ಸಿನಲ್ಲೂ ಏಣಿ ಹತ್ತಿ, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವರು. ಒಳಗೆ ಲೊಡಲೊಡ ಎಂದರೆ "ಬಿಟ್ಕೊಂತು" ಎಂದು ಗಟ್ಟಿಯಾಗಿ ಹೇಳಿ ಪಕ್ಕಕ್ಕಿಡುವರು. ಸದ್ದಿಲ್ಲದಿದ್ದರೆ "ಇನ್ನೂ ಬಿಟ್ಕೊಂಡಿಲ್ಲ" ಎಂದು ಹಾಗೇ ಬಿಡುವರು. ಕೆಳಗೆ ಅಡುಗೆ ಮಾಡುತ್ತಿದ್ದ ನನಗೆ ಆ ಎರಡು ಮಾತು ಇಡೀ ಮಧ್ಯಾಹ್ನ ಕೇಳುತ್ತಿತ್ತು.

ತಂಗಿಯ ಗಂಡ ತೀರಿಕೊಂಡ ಮೇಲೆ ಅವಳ ಆಸ್ತಮಾ ಜೋರಾಯಿತು. ಮಕ್ಕಳಿರಲಿಲ್ಲ. ಮಂಗಳೂರಿನ ಡಾಕ್ಟರು, "ಈ ಹ್ಯುಮಿಡಿಟಿಯಲ್ಲಿ ಇನ್ನೊಂದು ಮಳೆಗಾಲ ಕಳೆಯುವುದು ನಿಮಗೆ ಅಪಾಯ, ಒಣಹವೆ ಇರುವ ಕಡೆ ಹೋಗಿ" ಎಂದರಂತೆ. ನಾನೇ ಹೋಗಿ ಕರೆತಂದೆ. ಹೊನ್ನವಳ್ಳಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ನಾಲ್ಕಾರು ಕಡೆ ನಿಂತಳು. ಉಸಿರೆಳೆದಾಗ ಎದೆಯಲ್ಲಿ ಸಣ್ಣ ಪೀಪಿ ಊದಿದಂಥ ಸದ್ದು. ಅತ್ತೆ ಅವಳನ್ನು ಜಗಲಿಯಲ್ಲಿ ಕೂರಿಸಿ, ಬೆನ್ನಿಗೆ ಕಿವಿಯಿಟ್ಟು, ಕಾಯಿ ನೋಡುವ ಗಾಂಭೀರ್ಯದಲ್ಲೇ ಕಣ್ಣು ಮುಚ್ಚಿ ಕೇಳಿದರು.

"ಒಳಗೆಲ್ಲ ಹಸೀದು ಕಣಮ್ಮ. ಒಣಗ್ಬೇಕು."

"ನಾನೇನು ತೆಂಗಿನಕಾಯಾ ಅಮ್ಮ?" ಎಂದಳು ತಂಗಿ, ಕೆಮ್ಮಿನ ನಡುವೆ.

"ಕಾಯಿ ಆಗಿದ್ರೆ ಇಷ್ಟ್ ಮಾತಾಡ್ತಿರ್ಲಿಲ್ಲ ಬುಡು."

ಅವಳನ್ನು ಎಲ್ಲಿ ಮಲಗಿಸುವುದು ಎಂಬ ಮಾತು ಬಂದಾಗ ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಇಡೀ ಮನೆಯಲ್ಲಿ ಕಾಯಿ ಚೆನ್ನಾಗಿ ಒಣಗುವ ಜಾಗ ಅಟ್ಟ, ಅದರ ಕೆಳಗೇ ಒಂದು ಕೋಣೆ. ಎದೆಯೂ ಅಲ್ಲೇ ಒಣಗಬೇಕು. ನಮಗೆ ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಡಾಕ್ಟರು ಕೇಳಿದ್ದು ಡ್ರೈ ಪ್ಲೇಸ್, ನಮ್ಮಲ್ಲಿ ಅದಕ್ಕಿಂತ ಡ್ರೈ ಇಲ್ಲ. ತಲೆಯ ಮೇಲೆ ಬಿದಿರು ತಡಿಕೆ, ತಡಿಕೆಯ ಮೇಲೆ ವರ್ಷದ ಬೆಳೆ. ಅದರ ಕೆಳಗೆ ಮಂಚ ಹಾಕಿ, ಹೊಸ ದುಪ್ಪಟಿ ಹಾಸಿ ಮಲಗಿಸಿದೆವು.

ಮಾರನೆಯ ಬೆಳಗ್ಗೆ ಅತ್ತೆ ಎಂದಿನಂತೆ ಅಟ್ಟ ಹತ್ತಿ ಕಾಯಿ ಮಗುಚಿದರು. ತಡಿಕೆಯ ಸಂದಿಯಿಂದ ನಾರಿನ ಧೂಳು ಕಿಟಕಿಯ ಬೆಳಕಿನಲ್ಲಿ ಮಿನುಗುತ್ತ ಮಂಚದ ಮೇಲೆ ಇಳಿಯಿತು. ನಾನು ಕಾಫಿ ಹಿಡಿದು ಹೋದಾಗ ತಂಗಿ ಎದ್ದು ಕೂತು ಎರಡು ಕೈಯಲ್ಲೂ ಮಂಚದ ಚೌಕಟ್ಟು ಹಿಡಿದಿದ್ದಳು. ತುಟಿ ನೀಲಿಯಾಗಿತ್ತು. ಇನ್‌ಹೇಲರ್ ಕೆಲಸ ಮಾಡಲಿಲ್ಲ. ಯಜಮಾನರು ಓಡಿಹೋಗಿ ಪಕ್ಕದ ಬೀದಿಯ ಮೆಕ್ಯಾನಿಕ್ ಸಾಹೇಬರ ವ್ಯಾನ್ ತಂದರು. ತಿಪಟೂರಿನ ನರ್ಸಿಂಗ್ ಹೋಮ್ ತಲುಪುವವರೆಗೆ ಅವಳ ಒಂದೊಂದು ಉಸಿರನ್ನೂ ನಾನು ನನ್ನ ಎದೆಯಲ್ಲಿ ಎಳೆದೆ.

ಮೂಗಿಗೆ ಮಾಸ್ಕ್ ಇಟ್ಟು ಔಷಧದ ಹೊಗೆ ಕೊಟ್ಟ ಮೇಲೆ ಬಣ್ಣ ತಿರುಗಿತು. ಡಾಕ್ಟರು ವಿಷಯ ಕೇಳಿ ತಲೆ ಚಚ್ಚಿಕೊಂಡರು. "ಆಸ್ತಮಾ ಇರೋರನ್ನ ನಾರಿನ ಧೂಳಿನ ಕೆಳಗೆ ಮಲಗಿಸ್ತಾರೇನ್ರೀ?"

ಅತ್ತೆ ಮೂಲೆಯ ಬೆಂಚಿನಲ್ಲಿ ಮುದುಡಿ ಕೂತಿದ್ದರು. "ಒಣಗ್ಲಿ ಅಂತ ಕಣಪ್ಪ. ಅವಳ್ನ ಕಾಯಿ ಅಂದ್ಕಂಬುಟ್ಟೆ" ಎಂದರು. ಮಾಸ್ಕಿನ ಒಳಗೇ ತಂಗಿ ನಕ್ಕಿದ್ದು ಅವಳ ಕಣ್ಣಿನಲ್ಲಿ ಕಂಡಿತು. ಡಾಕ್ಟರು ಮಾತ್ರ ನಗಲಿಲ್ಲ. "ನಿಮ್ಮೂರಿನ ಗಾಳಿ ಒಳ್ಳೇದೇ ಅಮ್ಮ, ಅಟ್ಟ ಬೇಡ ಅಷ್ಟೇ. ಇವರು ಇಲ್ಲೇ ಇರ್ಲಿ. ಮಳೆ ಊರಿಗೆ ಮಾತ್ರ ಕಳಿಸ್ಬೇಡಿ."

ಮಂಚ ಜಗಲಿಯ ಪಕ್ಕದ ಕೋಣೆಗೆ ಬಂತು. ಸುಗ್ಗಿಯ ಹೊತ್ತಿಗೆ ಎದೆಯ ಪೀಪಿ ನಿಂತಿತು. ಅವಳು ತೋಟದ ಬೇಲಿಯವರೆಗೆ ನಡೆದು, ನಿಲ್ಲದೆ, ವಾಪಸು ಬಂದ ದಿನ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಆದರೆ ಸಂಜೆ ಜಗಲಿಯಲ್ಲಿ, "ಈಗ ಹೇಳು, ಹೊನ್ನವಳ್ಳಿಗೆ ಎಷ್ಟು?" ಎಂದು ಕೇಳಿದರೆ ಅವಳು ಆಕಾಶ ನೋಡಿ ಹೇಳಿದ್ದು ಎರಡು.

ನನಗೆ ಪಿಚ್ಚೆನ್ನಿಸಿತು. "ಬಿಸಿಲು ಬಿಸಿಲು ಅಂತ ಸಾಯ್ತಿದ್ದವಳು ನೀನೇ ಅಲ್ವೇನೇ?"

"ಆಗ ಮಳೆ ಗೊತ್ತಿರ್ಲಿಲ್ಲ ಅಕ್ಕ. ಇಲ್ಲಿ ಆಕಾಶ ಬೆಳಗ್ಗಿಂದ ಸಂಜೆಗೆ ಒಂದು ಮಾತೂ ಆಡಲ್ಲ. ಅಲ್ಲಿ ಹೆಂಚಿನ ಮೇಲೆ ಮಳೆ ಶುರು ಆದ್ರೆ ಇವರು ಪೇಪರ್ ಮಡಿಸಿಟ್ಟು ಬಂದು ಕಿಟಕಿ ಹತ್ರ ನನ್ನ ಪಕ್ಕ ಕೂರ್ತಿದ್ರು. ಬಿಸಿಲಿದ್ದ ದಿನ ಯಾವತ್ತೂ ಕೂತಿಲ್ಲ. ಮೂವತ್ತು ವರ್ಷ ಅವರು ಪುರುಸೊತ್ತಾಗಿ ಸಿಕ್ಕಿದ್ದು ಮಳೇಲೇ."

ಮೇ ಮುಗಿಯುತ್ತಿದ್ದಂತೆ ಪಡುವಣದ ಕಡೆ ಮೋಡದ ಅಂಚು ಕಾಣತೊಡಗಿತು. ಅವಳು ಬಟ್ಟೆ ಮಡಿಸಿ ಸೂಟ್‌ಕೇಸಿಗೆ ಇಡಲು ಶುರುಮಾಡಿದಳು. ನಾನು ಬೇಡಿದೆ, ಬೈದೆ, ಮಾತು ಬಿಟ್ಟೆ. ಡಾಕ್ಟರ ಮಾತನ್ನು ಮತ್ತೆ ಮತ್ತೆ ಹೇಳಿದೆ. "ಒಂದೇ ಮಳೆಗಾಲ ಅಕ್ಕ. ಕೇಳಿಸ್ಕೊಂಡು ಬಂದ್ಬಿಡ್ತೀನಿ." ಅತ್ತೆ ಅಡ್ಡ ಬರಲಿಲ್ಲ. ಒಂದು ಚೀಲದ ತುಂಬ ಆರಿಸಿದ ಉಂಡೆ ಕೊಬ್ಬರಿ ಕೊಟ್ಟರು. ಬಸ್ಸು ಹೋದ ಮೇಲೆ ನಾನು, "ನೀವಾದ್ರೂ ತಡೀಬಾರ್ದಿತ್ತಾ?" ಎಂದು ರೇಗಿದೆ.

"ಎಂಗೇ ತಡೀಲಿ? ಆ ಊರು ಇನ್ನೂ ಬಿಟ್ಕೊಂಡಿಲ್ಲ ಅವಳ್ಗೆ. ಬಿಟ್ಕಣದಿರೋ ಕಾಯಿ ಒಡುದ್ರೆ ಚೂರಾಯ್ತದೆ, ಉಂಡೆ ಬರಲ್ಲ."

ಆಟಿ ತಿಂಗಳು ಎಂದು ಮಂಗಳೂರಿನ ಕಡೆಯವರು ಕರೆಯುವ ಸುರಿಮಳೆಯ ಕಾಲದಲ್ಲಿ ಒಂದು ಸಂಜೆ ಅವಳ ಫೋನು ಬಂತು. ಅವಳ ಉಸಿರಿನ ಸದ್ದು ಮಾತಿಗಿಂತ ಮೊದಲು ಕೇಳಿಸಿತು. "ಅಕ್ಕ, ಅಮ್ಮ ಕೊಟ್ಟ ಕೊಬ್ಬರಿಗೆ ಬೂಷ್ಟು ಬಂದ್ಬಿಡ್ತು. ಡಬ್ಬಿ ಒಳಗೇ ಇಟ್ಟಿದ್ದೆ, ಆದ್ರೂ. ಹೇಳ್ಬೇಡ ಅವರಿಗೆ." ಪಕ್ಕದಲ್ಲೇ ನಿಂತಿದ್ದ ಅತ್ತೆಗೆ ಅದು ಕೇಳಿಯೇ ಹೋಯಿತು. "ಕೊಬ್ರಿಗೇ ಆಗ್ದಿರೋ ಊರು ನಿಂಗಾಯ್ತದಾ? ಬಂದ್ಬುಡವ್ವ" ಎಂದು ರಿಸೀವರಿಗೆ ಕೂಗಿದರು. "ಇರು ಅಕ್ಕ, ಕೇಳು" ಎಂದು ತಂಗಿ ರಿಸೀವರನ್ನು ಕಿಟಕಿಯ ಹೊರಗೆ ಹಿಡಿದಳು. ಹೆಂಚು, ತೆಂಗಿನ ಗರಿ, ಅಂಗಳದ ಕಲ್ಲು ಎಲ್ಲದರ ಮೇಲೂ ಬೀಳುತ್ತಿದ್ದ ಮಳೆ ಹೊನ್ನವಳ್ಳಿಯ ಒಣ ಪಡಸಾಲೆಗೆ ಬಂದು ತುಂಬಿಕೊಂಡಿತು. ನಾನೂ ಅತ್ತೆಯೂ ತಲೆಗೆ ತಲೆ ತಾಗಿಸಿ ಕೇಳುತ್ತ ನಿಂತೆವು. ಅಷ್ಟು ಸೊಗಸಾದ ಸದ್ದು ನಾನು ನೀಲಗಿರಿಯಲ್ಲೂ ಕೇಳಿರಲಿಲ್ಲ. ಆ ಸದ್ದು ಅವಳನ್ನು ಕೊಲ್ಲುತ್ತಿದೆ ಎಂಬುದು ಮರೆತುಹೋಗುವಷ್ಟು ಸೊಗಸು.

ಮಳೆ ಹಿಂದೆಗೆದ ಮೇಲೆ ಅವಳು ಬಂದಳು, ಯಾರೂ ಹೋಗಿ ಕರೆತರದೆ. ಬಸ್ಸಿನಿಂದ ಇಳಿಸಿಕೊಳ್ಳಲು ಇಬ್ಬರು ಬೇಕಾದರು. ತಿಪಟೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಶ್ವಾಸಕೋಶದ ಭಾರ ಈಗ ಹಾರ್ಟಿನ ಮೇಲೆ ಬಿದ್ದಿದೆ, ಇನ್ನು ಎಲ್ಲಿದ್ದರೂ ಹೆಚ್ಚು ದಿನವಿಲ್ಲ, ಇಲ್ಲಿದ್ದರೆ ಕಷ್ಟಪಡದೆ ಇರುತ್ತಾರೆ ಎಂದರು. ಮಂಗಳೂರಿನ ಮನೆಯ ಬೀಗದ ಕೈಯನ್ನು ಅವಳು ಬಾಡಿಗೆಯವರಿಗೆ ಕೊಟ್ಟು ಬಂದಿದ್ದಳು. "ಸಾಕಷ್ಟು ಕೇಳಿದೆ ಅಕ್ಕ" ಎಂದಳು, ಮತ್ತೆ ಆ ಕಿಟಕಿಯ ಮಾತೆತ್ತಲಿಲ್ಲ.

ಆ ವರ್ಷ ನಮ್ಮಲ್ಲಿ ಚಳಿ ಬೇಗ ಇಳಿಯಿತು. ಬೆಳಗಿನ ಹೊತ್ತು ತೋಟದ ಮೇಲೆ ತೆಳ್ಳಗೆ ಮಂಜು ನಿಲ್ಲುತ್ತಿತ್ತು, ಬಿಸಿಲು ಏರುತ್ತಿದ್ದಂತೆ ಹೋಗುತ್ತಿತ್ತು. ಇಷ್ಟು ವರ್ಷ ನನ್ನ ಕಾನ್ವೆಂಟಿನ ಮಂಜಿಗೆ ಹೋಲಿಸಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ ನಾನು. ಅಂಥ ಒಂದು ಬೆಳಗ್ಗೆ ಶಾಲು ಹೊದಿಸಿ ಅವಳನ್ನು ಜಗಲಿಯಲ್ಲಿ ಕೂರಿಸಿದೆ. ಉಸಿರು ಸಲೀಸಾಗಿತ್ತು.

"ಔಟ್ ಆಫ್ ಟೆನ್?" ಎಂದೆ.

"ನಾಲ್ಕು."

"ಎರಡಿತ್ತು. ಡಬಲ್ ಮಾಡಿದ್ಯಲ್ಲ, ಥ್ಯಾಂಕ್ಸ್."

"ನಾಲ್ಕು ನಾನು ಕೊಟ್ಟಿದ್ದು. ಎದೆ ಕೊಡೋದು ಬೇರೆ." ಅಂಗೈಯನ್ನು ಎದೆಯ ಮೇಲಿಟ್ಟುಕೊಂಡಳು. "ಇದು ಹತ್ತಕ್ಕೆ ಹತ್ತು ಅಂತಿದೆ."

ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಕೂಡಿಸತೊಡಗಿದ್ದು ಅವಳಿಗೆ ತಿಳಿಯಿತು. "ಅವರೇಜ್ ತೆಗೀಬೇಡ ಅಕ್ಕ. ಏಳು ಅಂತ ಬರುತ್ತೆ. ಆ ಏಳು ಯಾರದ್ದೂ ಅಲ್ಲ."

ಮಾಘದ ಒಂದು ಮಧ್ಯಾಹ್ನ, ಮೋಡದ ತುಣುಕೂ ಇಲ್ಲದ, ಗರಿ ಅಲುಗದ ಹೊತ್ತಿನಲ್ಲಿ ಅವಳು ಹೋದಳು. ಒದ್ದಾಡಲಿಲ್ಲ. ಉಸಿರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಇಲ್ಲ. ಡಾಕ್ಟರು ಹೇಳಿದಂತೆಯೇ ಆಯಿತು.

ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತೆ ಅಟ್ಟ ಹತ್ತಿದರು. ನಾನು ಕೆಳಗೆ ಅಡುಗೆಮನೆಯಲ್ಲಿದ್ದೆ. ಕಾಯಿ ಅಲುಗಿಸುವ ಸದ್ದು ಕೇಳುತ್ತಿತ್ತು. ಲೊಡಲೊಡ ಎನ್ನುತ್ತಿತ್ತು. ಆದರೆ ಅದರ ಹಿಂದೆ ಎಂದಿನಂತೆ ಬರಬೇಕಾದ "ಬಿಟ್ಕೊಂತು" ಬರಲಿಲ್ಲ. ಒಣಗಿದ್ದನ್ನು ಅವರು ಸುಮ್ಮನೆ ಪಕ್ಕಕ್ಕಿಡುತ್ತಿದ್ದರು, ಒಂದಾದ ಮೇಲೆ ಒಂದು. ನಾನು ಒಲೆ ಸಣ್ಣ ಮಾಡಿ, ಏಣಿಯ ಬುಡಕ್ಕೆ ಹೋಗಿ ನಿಂತೆ. ಆ ವರ್ಷದ ಕೊಬ್ಬರಿ ಬಹಳ ಚೆನ್ನಾಗಿತ್ತು.