ಎರಡನೆಯ ಪೆಟ್ಟಿಗೆಗೆ ವಿಭೂತಿ ಹಚ್ಚಿರಲಿಲ್ಲ

ಇವತ್ತು ಬೆಳಿಗ್ಗೆ ಸರ್ವರ್ ಕೋಣೆಯ ಹಳೆಯ ಡ್ರಾಯರ್ ಎಳೆದಾಗ ಮೂಲೆಯಲ್ಲಿ ಒಂದು ವಿಭೂತಿ ಗಟ್ಟಿ ಸಿಕ್ಕಿತು. ಒಂದು ಬದಿ ಸವೆದಿತ್ತು. ಮೂಗಿನ ಹತ್ತಿರ ಹಿಡಿದೆ... ಅದೇ ಒಣ ವಾಸನೆ. ಕಾಕಾ ನೆನಪಾದರು, ಜೊತೆಗೇ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಬಾಗಲಕೋಟೆಯ ಈ ದವಾಖಾನೆಯ ಕಂಪ್ಯೂಟರ್ ವಿಭಾಗಕ್ಕೆ ನಾನು ಸೇರಿದಾಗ ಅವರೇ ನನಗೆ ಹಿರಿಯರು. ಎಲ್ಲರಿಗೂ ಕಾಕಾ. ದಿನಾ ಕೆರೂರಿನಿಂದ ಬಸ್ಸಿಗೆ ಬರುತ್ತಿದ್ದರು, ಹಣೆಯ ಮೇಲೆ ಅಗಲ ವಿಭೂತಿ. ಎರಡು ಲೋಡ್ ಬ್ಯಾಲೆನ್ಸರ್ ಪೆಟ್ಟಿಗೆಗಳು ಅವರ ಜವಾಬ್ದಾರಿ. ಚೀಟಿ ಕೌಂಟರು, ಲ್ಯಾಬು, ಔಷಧಿ ಅಂಗಡಿ, ಎಲ್ಲ ಕಡೆಯಿಂದ ಬರುವ ಕೆಲಸವನ್ನು ಹಿಂದಿನ ಸರ್ವರ್‌ಗಳಿಗೆ ಹಂಚಿಕೊಡುವ ಪೆಟ್ಟಿಗೆಗಳವು. ಒಂದು ದುಡಿಯುವಾಗ ಇನ್ನೊಂದು ಸುಮ್ಮನೆ ಕಾಯುತ್ತಿತ್ತು.

ಹೊಸ ಸಾಫ್ಟ್‌ವೇರ್ ಬಂದರೆ ಕಾಕಾ ಅದನ್ನು ಕಾಯುವ ಪೆಟ್ಟಿಗೆಗೆ ಮಾತ್ರ ಹಾಕಿ, ಕೆಲಸವನ್ನು ಅದಕ್ಕೆ ವಹಿಸಿ, ಅದರ ಮುಂದಿನ ತಗಡಿಗೆ ಬೆರಳಿನಿಂದ ತೆಳ್ಳಗೆ ವಿಭೂತಿ ಎಳೆಯುತ್ತಿದ್ದರು. ಆ ಗುರುತು ಇರುವ ತನಕ ಇನ್ನೊಂದನ್ನು ಯಾರೂ ಮುಟ್ಟಬಾರದು. ಎಂಟು ದಿನ ಕಾದು, ಸೋಮವಾರದ ಗದ್ದಲವನ್ನೂ ಅದು ತಾಳಿಕೊಂಡ ಮೇಲೆಯೇ ಎರಡನೆಯದಕ್ಕೆ ಹಾಕಿ ಗುರುತು ಒರೆಸುತ್ತಿದ್ದರು.

ಆ ವರ್ಷ ತಪಾಸಣೆಯವರು ಬರುವವರಿದ್ದರು. 'ಎರಡೂ ಅಪ್‌ಡೇಟ್ ಆಗಿವೆ' ಎಂಬ ಕಾಗದ ಮ್ಯಾನೇಜರನಿಗೆ ಬೇಕಿತ್ತು. ಕಾಕಾ ಗುರುವಾರವಷ್ಟೇ ಒಂದಕ್ಕೆ ಹಾಕಿ ಗುರುತು ಎಳೆದಿದ್ದರು.

"ಎಂಟು ದಿನ ತಡೀರಿ ಸಾಹೇಬ್ರ. ಹೊಸಾದು ಕೈ ಕೊಟ್ರ ಹಳೇದಾದ್ರೂ ಇರಬೇಕಲ್ರಿ," ಎಂದರು.

ಭಾನುವಾರ ಅವರು ಸಂಬಂಧಿಕರ ಮದುವೆಗೆಂದು ಚೊಳಚಗುಡ್ಡಕ್ಕೆ ಹೋದರು. ಅವರು ಅತ್ತ ಹೋದದ್ದೇ ಮ್ಯಾನೇಜರ್ ನನ್ನ ಹತ್ತಿರ ಬಂದ.

"ಇನ್ನೊಂದಕ್ಕೂ ನೀ ಹಾಕ್ಲೇ. ಬೂದಿ ನೋಡಿ ಕೆಲಸ ಮಾಡಾವ್ರೇನು ನಾವು?"

ನಾನು ಹಾಕಿದೆ. ಹೊಸ ನೌಕರಿ, ಹೆದರಿದ್ದೆ... ಇರಲಿ, ನೆಪ ಹೇಳುವುದಿಲ್ಲ. ವಿಭೂತಿ ಕಣ್ಣ ಮುಂದೆಯೇ ಇತ್ತು.

ಸೋಮವಾರ ಹತ್ತು ಗಂಟೆಗೆ ಗದ್ದಲ ಏರಿದ್ದೇ ಗುರುತಿದ್ದ ಪೆಟ್ಟಿಗೆ ನಿಂತಿತು. ಕೆಲಸವನ್ನು ಎರಡನೆಯದಕ್ಕೆ ಬದಲಿಸಿದೆ. ಅದರಲ್ಲೂ ಅದೇ ಹೊಸ ಸಾಫ್ಟ್‌ವೇರ್, ಅದೇ ದೋಷ. ಅದೂ ನಿಂತಿತು. ಹುನಗುಂದ, ಇಳಕಲ್ಲಿನಿಂದ ಬಂದ ರೋಗಿಗಳು ಚೀಟಿಯಿಲ್ಲದೆ ಕೌಂಟರ್ ಮುಂದೆ ನೆಲಕ್ಕೇ ಕುಳಿತರು. ಕಾಕಾ ಮದುವೆ ಊಟ ಬಿಟ್ಟು ಬಸ್ಸು ಹತ್ತಿ ಬಂದು, ತಾವು ಎತ್ತಿಟ್ಟಿದ್ದ ಹಳೆಯ ಸಾಫ್ಟ್‌ವೇರ್ ಮರಳಿ ಹಾಕಿದರು.

'ಯಂತ್ರದೊಳಗೆ ವಿಭೂತಿ ಪುಡಿ ಹೋಗಿ ಎರಡೂ ಕೆಟ್ಟವು' ಎಂದು ಮ್ಯಾನೇಜರ್ ವರದಿ ಬರೆಸಿದ. ಎರಡನೆಯ ಪೆಟ್ಟಿಗೆಗೆ ವಿಭೂತಿ ಹಚ್ಚಿಯೇ ಇರಲಿಲ್ಲ! ನಾಚಿಕೆಗೆಟ್ಟವನು. ಅದರ ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದ ನಾನು ಅವನಿಗಿಂತ ನಾಚಿಕೆಗೆಟ್ಟವನು.

ಕಾಕಾರನ್ನು ಕೆಲಸದಿಂದ ತೆಗೆದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಹಳೇ ಸಾಫ್ಟ್‌ವೇರ್ ಕಾಪಿ ಡ್ರಾಯರಿನ ಎರಡನೇ ಖಾನ್ಯಾಗ ಐತಿ. ಎಂಟು ದಿನ ಕಾಯಿ, ಮರೀಬ್ಯಾಡ," ಎಂದರು. ನನ್ನ ಸಹಿಯನ್ನು ಅವರು ನೋಡಿದ್ದರು... ಅದರ ಬಗ್ಗೆ ಕೇಳಲಿಲ್ಲ. ಕಪಾಳಕ್ಕೆ ಒಂದು ಬಿಗಿದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೆರೂರಿನ ಬಸ್ಸು ಕಂಡರೂ ನಾನು ಮುಖ ತಿರುಗಿಸುತ್ತಿದ್ದೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಮಣ್ಣಿಗೂ ಹೋಗಲಿಲ್ಲ.

ಇವತ್ತು ಹೊಸ ಸಾಫ್ಟ್‌ವೇರ್ ಹಾಕುವ ದಿನ. ಒಂದು ಪೆಟ್ಟಿಗೆಗೆ ಹಾಕಿ, ಸಿಕ್ಕ ಗಟ್ಟಿಯನ್ನೇ ತಿಕ್ಕಿ ಗೆರೆ ಎಳೆದೆ. ಈಚೆಗೆ ಕೆಲಸಕ್ಕೆ ಸೇರಿದ ಸಹೋದ್ಯೋಗಿ ಪಕ್ಕದಲ್ಲಿದ್ದಳು, ಗಾಬರಿಯಾದಳು.

"ಬ್ಯಾಡ್ರಿ ಸರ್! ಹಿಂದ ಯಾರೋ ಕಾಕಾ ಬೂದಿ ಹಚ್ಚಿ ಎರಡೂ ಕೆಡಿಸಿದ್ರಂತಲ್ರಿ?"

ಈ ದವಾಖಾನೆಯಲ್ಲಿ ಅವರ ನೆನಪು ಉಳಿದಿರುವುದು ಹೀಗೆ.

"ಕಾಕಾ ಕೆಡಿಸಿಲ್ಲ ತಂಗಿ. ಕೆಡಿಸಿದಾಂವ ನಾ," ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು... ಕೇಳಬೇಕಾದವರು ಮಾತ್ರ ಇರಲಿಲ್ಲ.