ಹಫೀಜಾ ಜೋಡಿಸುವ ಗೂಡಿನ ಸಾಲು

ಬೆಳಕು ಹರಿಯುವ ಮುಂಚೆಯೇ ಶಿಡ್ಲಘಟ್ಟದ ನೂಲು ಬಿಚ್ಚಣಿಕೆ ಶೆಡ್ಡಿನಲ್ಲಿ ನೀರು ಕುದಿಯುತ್ತಿರುತ್ತದೆ. ಹಫೀಜಾ ಬೆರಳು ಅದ್ದಿ, ಬೆಂದ ರೇಷ್ಮೆಗೂಡಿನಿಂದ ಎಳೆ ಹುಡುಕಿ ರಾಟೆಗೆ ಕೊಡುತ್ತಾರೆ. ಸುಡುವುದಿಲ್ಲವೇ ಎಂದು ನಾನು ಕೇಳಿದರೆ ನಗುತ್ತಾರೆ. "ಸುಡೋ ಚರ್ಮ ಎಲ್ಲಿ ಉಳ್ದೈತೆ ಮೇಡಂ?"

ಚಿಂತಾಮಣಿಯಿಂದ ಸೊಸೆಯಾಗಿ ಬಂದ ವಾರವೇ ಈ ಬಿಸಿನೀರು ಅವರ ಪಾಲಿಗೆ ಬಂತು. ಗೂಡು ಆರಿಸುವುದರಲ್ಲಿ ಅವರದೊಂದು ಕ್ರಮ. ಎರಡು ರಾಶಿಯಿಂದ ಒಂದೊಂದು ಹಿಡಿ ತೆಗೆದು, ಕೆಟ್ಟದ್ದರಿಂದ ಒಳ್ಳೆಯದರವರೆಗೆ ಎರಡು ಸಾಲಾಗಿ ಎದುರುಬದುರು ಜೋಡಿಸುತ್ತಾರೆ. "ಮೇಲಿರೋ ಚೆಂದದ ಗೂಡು ನೋಡಿ ಮೋಸ ಹೋಗ್ತಾರೆ. ಯಾವ ಸಾಲು ಎಲ್ಲೂ ಸೋಲಲ್ವೋ ಅದನ್ನ ತಗೋಬೇಕು."

ಹೋದ ವರ್ಷ ಮಹಿಳಾ ಸಂಘದ ಹೆಂಗಸರು ತಂತಮ್ಮ ಉಳಿತಾಯ ಎಲ್ಲಿ ಹಾಕುವುದೆಂದು ಕೂತರು. ಏಜೆಂಟ್ ರಮೇಶ್‌ಬಾಬು ಷೇರು ಫಂಡಿನ ಬಣ್ಣದ ಕಾಗದ ತಂದ. ಅದರಲ್ಲಿ ಒಳ್ಳೆಯ ವರ್ಷಗಳು ಮಾತ್ರ. ಕೆಟ್ಟ ವರ್ಷದ್ದು ಕೇಳಿದರೆ "ಹೆಂಗಸರಿಗೆ ಧೈರ್ಯ ಕಮ್ಮಿ" ಎಂದ. ಹೋದರೆ ಹೋಗುವುದು ಅವನ ಗಂಟೇ? ಪಕ್ಕದ ಮನೆಯ ಮುನಿಶಾಮಮ್ಮ, "ಕಂಡಿರೋ ವ್ಯಾಪಾರ, ನೂಲಿಗೇ ಹಾಕಣ" ಎಂದರು.

ಹಫೀಜಾ ಕೆಟ್ಟ ವರ್ಷದ ಲೆಕ್ಕವನ್ನು ಬೇರೆ ಕಡೆ ವಿಚಾರಿಸಿ ತಂದು, ಚಾಪೆಯ ಮೇಲೆ ಗೂಡು ಜೋಡಿಸಿದರು. ಕೆಟ್ಟ, ಸಾಧಾರಣ, ಒಳ್ಳೆಯ ವರ್ಷಗಳು ಒಂದೇ ಸಮ ಬರುತ್ತವೆಂದು ಹಿಡಿದರೆ, ಹಾಕಿದ ನೂರು ರೂಪಾಯಿ ಫಂಡಿನಲ್ಲಿ ಅರವತ್ತು, ನೂರು, ನೂರೈವತ್ತು ಆಗುತ್ತದೆ. ನೂಲಿನಲ್ಲಿ ಎಂಬತ್ತು, ನೂರು, ನೂರಹದಿನೈದು. ಕೆಟ್ಟ ವರ್ಷದಲ್ಲಿ ನೂಲು ಮೇಲು, ಒಳ್ಳೆಯ ವರ್ಷದಲ್ಲಿ ಫಂಡು ಮೇಲು. ತೀರ್ಮಾನವಾಗಲಿಲ್ಲ. ಆಗ ಅವರು ಬ್ಯಾಂಕ್ ಠೇವಣಿಯನ್ನು ನಡುವೆ ತಂದರು. ಅದು ಯಾವ ವರ್ಷವಾದರೂ ನೂರ ಆರು.

"ಅರ್ಧ ಫಂಡಿಗೆ, ಅರ್ಧ ಬ್ಯಾಂಕಿಗೆ ಹಾಕಿ ನೋಡ್ರಮ್ಮ. ಎಂಬತ್ಮೂರು, ನೂರ ಮೂರು, ನೂರ ಇಪ್ಪತ್ತೆಂಟು. ನೂಲು ಒಂದು ಕಡೆನಾದ್ರೂ ಗೆಲ್ತಾ? ಇನ್ನೂ ಭಯ ಇದ್ರೆ ಬ್ಯಾಂಕಿಗೆ ಜಾಸ್ತಿ ಹಾಕಿ."

ಹೆಂಗಸರು ಹಾಗೇ ಮಾಡಿದರು. ಸನ್ಮಾನದ ಶಾಲು, ಹಾರ ಮಾತ್ರ ರಮೇಶ್‌ಬಾಬು ಕೊರಳಿಗೆ ಬಿದ್ದವು, ಮಹಿಳೆಯರಿಗೆ ಉಳಿತಾಯ ಕಲಿಸಿದನಂತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಎಲ್ಲರಿಗೂ ಬ್ಯಾಂಕಿನಲ್ಲಿ ಖಾತೆಯಾಯಿತು, ಹಫೀಜಾ ಒಬ್ಬರಿಗೆ ಆಗಲಿಲ್ಲ. ಬಿಸಿನೀರಿನಲ್ಲಿ ಬೆಂದು ಬೆಂದು ಅವರ ಬೆರಳಿನ ಗೆರೆ ಅಳಿಸಿಹೋಗಿದೆ, ಬೆರಳಚ್ಚಿನ ಯಂತ್ರ ಒಪ್ಪುವುದಿಲ್ಲ. ಬೇರೆ ದಾರಿ ಕೇಳಿದರೆ ಕೌಂಟರಿನವರು ಮುಂದಿನ ವಾರ ಬಾ ಎನ್ನುತ್ತಾರೆ. ರೇಷ್ಮೆ ಸೀರೆ ಉಟ್ಟು ಹೀಗೆ ಹೇಳಲು ನಾಚಿಕೆಯಾದರೂ ಬೇಡವೇ? ಖಾತೆಯಿಲ್ಲದೆ ಫಂಡೂ ಇಲ್ಲ. ಬೇರೆ ದಾರಿ ಕಾಣದೆ ಹಫೀಜಾ ತಮ್ಮ ಉಳಿತಾಯವನ್ನೆಲ್ಲ ಶೆಡ್ಡಿನ ಮಾಲೀಕ ವಜೀರ್ ಅವರ ನೂಲು ವ್ಯಾಪಾರಕ್ಕೆ ಹಾಕಿದ್ದಾರೆ. ಈ ವರ್ಷ ನೂಲಿನ ಬೆಲೆ ಬಿದ್ದಿದೆ.

ಬೆರಳು ಒರೆಸಿಕೊಂಡು ಅವರು ಮೆಲ್ಲಗೆ ಹೇಳುತ್ತಾರೆ: "ಸನ್ಮಾನ ಗಿನ್ಮಾನ ಏನೂ ಬೇಡ ಮೇಡಂ. ನಾನು ಎಲ್ರಿಗೂ ಹೇಳ್ಕೊಟ್ಟಂಗೆ ನನ್ನ ದುಡ್ಡೂ ಒಂದ್ಸಲ ಇಡ್ಬೇಕು, ಅಷ್ಟೆ."