ಹೋಟೆಲು ಒಂದು ಕ್ಷೇತ್ರಕ್ಕೆ, ಚರಂಡಿ ಇನ್ನೊಂದಕ್ಕೆ

ಕಳೆದ ಸೋಮವಾರ ಬೆಳಿಗ್ಗೆ ಚೆನ್ನೈನ ಮಾಧವರಂ ಆಚೆ, ಕುಂದಾಪುರ ಮೂಲದ ರಾಮಣ್ಣ ತಮ್ಮ ಹೋಟೆಲಿನ ಬಾವಿಗೆ ಚಪ್ಪಡಿ ಎಳೆಸಿ ಮುಚ್ಚಿಸಿದರು. ಹಿತ್ತಿಲ ಚರಂಡಿಯ ನೀರು ಬಾವಿಗಿಳಿದಿತ್ತು. ಅಡುಗೆಗೆ ಇದ್ದದ್ದು ಅದೊಂದೇ ನೀರು.

ಈ ಊರು ಗ್ರಾಮೀಣ ವಿಧಾನಸಭಾ ಕ್ಷೇತ್ರವೊಂದರಲ್ಲಿದ್ದಾಗ ಶಾಸಕರು ಈ ಹೋಟೆಲಿನಲ್ಲೇ ಇಡ್ಲಿ ತಿನ್ನುತ್ತ ಊರಿನ ದೂರು ಕೇಳುತ್ತಿದ್ದರು. ಕ್ಷೇತ್ರಗಳ ಗಡಿ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಹೋಟೆಲು ಒಂದು ಹೊಸ ಕ್ಷೇತ್ರಕ್ಕೆ, ಹಿತ್ತಿಲ ಚರಂಡಿ ಇನ್ನೊಂದಕ್ಕೆ ಸೇರಿತು. ಚರಂಡಿ ಸರಿಪಡಿಸಿ ಎಂದು ರಾಮಣ್ಣ ಇಬ್ಬರು ಶಾಸಕರ ಕಚೇರಿಗೂ ಅಲೆದರು. ಪ್ರತಿ ಕಚೇರಿಯೂ ಇನ್ನೊಂದರತ್ತ ಕೈ ತೋರಿಸಿತು.

“ಮೊದ್ಲ್ ಒಬ್ನೇ ಎಮ್ಮೆಲ್ಲೆ, ಬೈದ್ರೂ ಬತ್ತಿದ್ದ. ಈಗ ಇಬ್ರಿದ್ರೂ ನಮ್ಮ ಬಾವಿ ಯಾರಿಗೂ ಬ್ಯಾಡ, ಮಾರಾಯ್ರೆ,” ಎಂದರು ರಾಮಣ್ಣ.

ಬುಧವಾರ ಹೋಟೆಲಿನ ಬಾಗಿಲು ತೆರೆಯಲಿಲ್ಲ. ಹಾಲಿನವನು ತಂದ ಕ್ಯಾನನ್ನು ಹಾಗೆಯೇ ವಾಪಸು ಒಯ್ದ.